ಪರವಾನಗಿಗೆ ಹಚ್ಚಿದ ಗಂಧ

ನನ್ನ ಯಜಮಾನರು ಮಸ್ಕತ್ತಿನ ಒಂದು ವಕೀಲರ ಕಚೇರಿಯಲ್ಲಿ ಕಾನೂನು ಸಲಹೆಗಾರರು. ಅವರ ಪರವಾನಗಿಯನ್ನು ವರ್ಷವರ್ಷವೂ ನವೀಕರಿಸಬೇಕು; ತಪ್ಪಿದರೆ ಕೆಲಸವೂ ಇಲ್ಲ, ವೀಸಾವೂ ಇಲ್ಲ. ಕಳೆದ ಆಯುಧಪೂಜೆಯ ದಿನ, ವಕೀಲರ ಆಯುಧ ಇದೇ ಅಲ್ಲವೇ ಎಂದು ನಾನು ಆ ಕಾಗದವನ್ನು ದೇವರ ಮುಂದಿಟ್ಟು ಗಂಧ ಹಚ್ಚಿದೆ. ಹಸಿ ಗಂಧಕ್ಕೆ ಮೊಹರಿನ ಶಾಯಿ ಹರಡಿ ಅಳಿಸಿಹೋಯಿತು. ನವೀಕರಣಕ್ಕೆ ಮೂಲ ಪ್ರತಿಯೇ ಬೇಕಿತ್ತು. ಮೊಹರು ಕಾಣುವುದಿಲ್ಲವೆಂದು ಅರ್ಜಿ ವಾಪಸು ಬಂತು.

ಮಸ್ಕತ್ತಿನ ಹೊರವಲಯದ ಸೀಬ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ನಮ್ಮೂರಿನ ಕೆಲವರ ಎದುರೇ ಇವರು ಹೇಳಿದರು: "ಇವಳ ಭಕ್ತಿ ನೋಡಿ ಮಾರಾಯ್ರೆ, ಗಂಡನ ಕೆಲಸವನ್ನೇ ಗಂಧದಲ್ಲಿ ತೊಳೆದುಬಿಟ್ಲು. ವೀಸಾ ಖಲಾಸ್!" ಎಲ್ಲರೂ ನಕ್ಕರು. ನಾನು ಸಾರು ಬಡಿಸುತ್ತಿದ್ದೆ.

ಇವರು ಮತ್ತೆ ಅರ್ಜಿ ಹಾಕಿದರು. ಹೊಸ ಪರವಾನಗಿ ಕೈಸೇರುವವರೆಗೆ ಒಪ್ಪೊತ್ತು ಮಾತ್ರ ಊಟ ಎಂದು ಇವರ ಎದುರೇ ಹರಕೆ ಹೊತ್ತೆ. ಮೂರು ವಾರ ಕಳೆದ ಮೇಲೆ, ಅದು ಬಂದು ಹನ್ನೊಂದು ದಿನವಾಯಿತೆಂದು ಅಂದು ಊಟಕ್ಕೆ ಬಂದಿದ್ದವರೊಬ್ಬರ ಹೆಂಡತಿಯಿಂದ ತಿಳಿಯಿತು. ಅಷ್ಟೂ ದಿನ ಇವರು ನನ್ನೆದುರು ಕೂತೇ ರಾತ್ರಿಯೂಟ ಮಾಡಿದ್ದರು.

"ನನಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ.

"ನಿನ್ನ ದೇವರು ಹೇಳ್ಲಿಲ್ವಾ?"

ಒಲೆಯ ಮೇಲೆ ರಾತ್ರಿಯ ಅನ್ನ ಇನ್ನೂ ಬಿಸಿಯಿತ್ತು. ಅಷ್ಟು ದಯೆ ಸಾಕು ಎಂದು ದೇವರಿಗೆ ಕೈಮುಗಿದು, ಕೂತು ಉಂಡೆ.