ಹಿಮ್ಮಡದೊಳಗಿನ ನೂಲು

ಧನುರ್ಮಾಸಕ್ಕೆ ಎರಡು ವಾರ ಉಳಿದಿದ್ದ ಆಯಿತವಾರ, ಮಧ್ಯಾಹ್ನ ಮೂರು ಗಂಟೆ. ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಅಪ್ಪ, ಅವ್ವ, ಭೀಮಕ್ಕಜ್ಜಿ, ಹೆಪ್ಪಿಗೆಂದು ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆಯ ಸರೋಜಾ ವೈನಿ, ಮತ್ತು ಹತ್ತು ವರ್ಷದ ನಾನು. ಆ ದಿನಗಳಲ್ಲಿ ನಮ್ಮ ಊರು ಮುಂಬೈ ಸರ್ಕಾರಕ್ಕೆ ಸೇರಿತ್ತು. ಸಂಸ್ಥಾನ ಹೋಗಿ ಬಹಳ ವರ್ಷವಾಗಿರಲಿಲ್ಲ. ಅಪ್ಪ ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಏಳುವುದು, ಮೀಯುವುದು, ಉಣ್ಣುವುದು, ಪಾಠ ಒಪ್ಪಿಸುವುದು, ಎಲ್ಲಕ್ಕೂ ಅವರು ಗೊತ್ತುಮಾಡಿದ ವೇಳೆ ಇತ್ತು. ಅದನ್ನು ಮೀರುವ ಯೋಚನೆ ನಮಗೆ ಯಾರಿಗೂ ಬರುತ್ತಿರಲಿಲ್ಲ. ನನಗೆ ಈಗಲೂ ಬರುವುದಿಲ್ಲ.

ಭೀಮಕ್ಕಜ್ಜಿ ಅಪ್ಪನ ಸೋದರತ್ತೆ. ಚಿಕ್ಕಂದಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವಳು. ಮನೆಯ ಮಡಿ ಅಡಿಗೆ ಅವಳದು. ಧನುರ್ಮಾಸವೆಂದರೆ ತಿಂಗಳು ಪೂರ್ತಿ ಹೊತ್ತು ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಆಗಬೇಕು. ಅಜ್ಜಿ ನಾಲ್ಕಕ್ಕೆ ಎದ್ದು ತಣ್ಣೀರು ಸುರಿದುಕೊಂಡು, ಧಾಬಳಿ ಉಟ್ಟು ಒಲೆ ಹೊತ್ತಿಸುತ್ತಿದ್ದಳು. ಧಾಬಳಿ ಎಂದರೆ ಉಣ್ಣೆಯ ಸೀರೆ. ಹತ್ತಿಯ ಬಟ್ಟೆಯನ್ನು ಯಾರಾದರೂ ಮುಟ್ಟಿದರೆ ಮೈಲಿಗೆ. ಒಗೆದು, ಯಾರೂ ಮುಟ್ಟದ ಗಳುವಿನ ಮೇಲೆ ಒಣಗಿಸಿದರೆ ಮಾತ್ರ ಮತ್ತೆ ಮಡಿ. ಉಣ್ಣೆಗೆ ಆ ತಾಪತ್ರಯವಿಲ್ಲ. ನಾವು ಏಳುವ ಹೊತ್ತಿಗೆ ಮೆಣಸು, ತುಪ್ಪ, ಹುರಿದ ಹೆಸರುಬೇಳೆಯ ವಾಸನೆ ಹಾಸಿಗೆಯ ತನಕ ಬಂದಿರುತ್ತಿತ್ತು.

ಆ ವರ್ಷ ಅಜ್ಜಿಯ ಹಿಮ್ಮಡಗಳು ಬಿರುಕುಬಿಟ್ಟಿದ್ದವು. ಅಡಿಗೆಮನೆಯ ಫರಸಿಕಲ್ಲು ಚಳಿಗಾಲದಲ್ಲಿ ಕೊರೆಯುತ್ತಿತ್ತು. ಹಿಂದಿನ ದಿನ ಬಿರುಕಿನಿಂದ ರಕ್ತ ಬಂದು ಕಲ್ಲಿನ ಮೇಲೆ ಹೆಜ್ಜೆ ಮೂಡಿತ್ತು. ಅಪ್ಪ ಅದನ್ನು ನೋಡಿದ್ದರು.

"ಅತ್ಯಾ, ಈ ಸಲ ಧನುರ್ಮಾಸದ ಅಡಿಗಿ ಇಕಿ ಮಾಡ್ತಾಳ," ಎಂದು ಅವ್ವನನ್ನು ತೋರಿಸಿದರು.

"ಹಂಗಾರ ನಾ ಏನ ಮಾಡ್ಲೊ? ಕಟ್ಟಿ ಮ್ಯಾಲೆ ಕೂತು ಹಾದ್ಯಾಗ ಹೋಗೋ ದನಾ ನೋಡ್ಲ್ಯಾ?"

"ಆರಾಮ ಇರು."

"ಆರಾಮ ಇರ್ಲಿಕ್ಕೆ ಮುಂದ ಭಾಳ ಹೊತ್ತದ."

ಅಡಿಗೆಮನೆ ಬಿಟ್ಟರೆ ಆ ಮನೆಯಲ್ಲಿ ಅಜ್ಜಿಗೆ ತನ್ನದೆನ್ನುವ ಜಾಗ ಇರಲಿಲ್ಲ ಎಂಬುದು ನನಗೂ ತಿಳಿದಿತ್ತು. ಸರೋಜಾ ವೈನಿ ಸಾಂಗಲಿಯ ಕಡೆಯವಳು, ಸಂಕೋಚ ಕಡಿಮೆ. "ಅಜ್ಜಿ, ಪಾಯಮೋಜ ಹಾಕೋರಿ. ಉಣ್ಣೀದು. ನನ್ನ ಹತ್ರ ಉಣ್ಣಿ ಉಳದದ," ಎಂದು ಕಾಲುಚೀಲದ ಮಾತೆತ್ತಿದಳು.

"ಮಡಿಯೊಳಗ ಪಾಯಮೋಜ?" ಅವ್ವ ನಕ್ಕಳು.

ಅಜ್ಜಿ ನಗಲಿಲ್ಲ. ತನ್ನ ಹಿಮ್ಮಡ ನೋಡಿಕೊಂಡು, "ಉಣ್ಣಿ ಸೊಂಟಕ್ಕ ನಡೀತದ. ಕಾಲೇನು ಬ್ಯಾರೆಯವರದ?" ಎಂದಳು.

"ಹೆಣೆಯೋರು ಯಾರು?" ಅಪ್ಪನ ಪ್ರಶ್ನೆ.

ವೈನಿ ಬಾಣಂತನಕ್ಕೆ ಮುಂದಿನ ಆಯಿತವಾರ ತವರಿಗೆ ಹೊರಡುವವಳು. ಅವ್ವನಿಗೆ ಹೆಣಿಗೆ ಬಾರದು. ವೈನಿ ನನ್ನನ್ನು ನೋಡಿದಳು. "ಕುಸುಮಾ ಹೆಣೀತಾಳ. ನಾ ಹೋಗೋದ್ರಾಗ ಕಲಸ್ತೀನಿ."

"ಮಾಸ ಹಿಡಿಯೋದ್ರಾಗ ಮುಗೀಬೇಕು. ಮುಗೀಲಿಲ್ಲಂದ್ರ ಅಡಿಗಿ ಇಕೀದು," ಎಂದು ಅಪ್ಪ ಎದ್ದರು. ಮಾತು ಅಲ್ಲಿಗೆ ಮುಗಿಯಿತು.

ಶಾಲೆಯಿಂದ ಬಂದು ಕೈಕಾಲು ತೊಳೆದ ಮೇಲೆ ದೀಪ ಹಚ್ಚುವ ತನಕ ಹೆಣಿಗೆ ಎಂದು ವೇಳೆ ಗೊತ್ತಾಯಿತು. ನಾಲ್ಕು ಉಕ್ಕಿನ ಸೂಜಿಗಳು. ಮೂರರ ಮೇಲೆ ಹೊಲಿಗೆಗಳನ್ನು ಹಂಚಿ, ನಾಲ್ಕನೆಯದರಿಂದ ಸುತ್ತಲೂ ಹೆಣೆಯುತ್ತ ಹೋದರೆ ಕೊಳವೆಯಂತೆ ಬೆಳೆಯುತ್ತದೆ. ಕೇಳಲು ಸುಲಭ. ನಾನು ಎಳೆಯನ್ನು ಎಷ್ಟು ಬಿಗಿದಿದ್ದೆನೆಂದರೆ ಸೂಜಿ ಒಳಗೆ ತೂರುತ್ತಲೇ ಇರಲಿಲ್ಲ. ಬೆವರಿದ ಕೈಗೆ ಉಣ್ಣೆ ಮಳೆಯಲ್ಲಿ ನೆಂದ ಕುರಿಯ ಹಾಗೆ ನಾರುತ್ತಿತ್ತು.

"ಅದರ ಕುತಗಿ ಯಾಕ ಹಿಚಕ್ತೀ? ಕೈ ಸಡ್ಲ ಬಿಡು," ಎನ್ನುತ್ತ ವೈನಿ ಎಲ್ಲವನ್ನೂ ಸರ್ರನೆ ಬಿಚ್ಚಿಬಿಡುತ್ತಿದ್ದಳು. ಬಿಚ್ಚುವುದರಲ್ಲಿ ಅವಳಿಗೆ ಕರುಣೆಯೇ ಇರಲಿಲ್ಲ. ಹೊರಗೆ ಓರಗೆಯವರು ಕುಂಟಬಿಲ್ಲೆ ಆಡುವ ಗಲಾಟೆ ಕೇಳುತ್ತಿತ್ತು. ಮೊದಮೊದಲು ಕರೆದರು, ಆಮೇಲೆ ಬಿಟ್ಟರು.

ಹಾಲು ಹಾಕಲು ಬರುತ್ತಿದ್ದ ಗೌರವ್ವ ಒಂದು ಸಂಜೆ ಬಾಗಿಲಲ್ಲೇ ನಿಂತು ನೋಡಿದಳು. "ಏನ ಬೇ ಕುಸುಮವ್ವಾ, ನಮ್ಮ ಎಮ್ಮಿ ಕರಕ್ಕ ಬಾಯಿಚೀಲಾ ಹೆಣ್ಯಾಕತ್ತೀ ಏನು?"

"ಅಜ್ಜಿ ಕಾಲಿಗೆ."

"ಹಂಗಾರ ಎರಡ ಹೆಣಿ. ಒಂದಾದ್ರ ನಮ್ಮ ಕರಕ್ಕ ಸರಿ ಹೊಂದತಿತ್ತು."

ಮೊದಲ ಕಾಲುಚೀಲ ಹಿಮ್ಮಡದ ತನಕ ಬಂದಾಗ ವೈನಿ ಹಿಮ್ಮಡ ತಿರುಗಿಸುವುದನ್ನು ಕಲಿಸಿದಳು. ಅರ್ಧ ಹೊಲಿಗೆಗಳನ್ನು ಸುಮ್ಮನೆ ಬಿಟ್ಟು, ಉಳಿದರ್ಧದಲ್ಲಿ ಹಿಂದೆ ಮುಂದೆ ಹೆಣೆದು, ಅಂಚಿನಿಂದ ಹೊಸ ಹೊಲಿಗೆ ಎತ್ತಿಕೊಂಡು ಮತ್ತೆ ಸುತ್ತಿಗೆ ಸೇರಿಸಬೇಕು. ಇಡೀ ಕೆಲಸದಲ್ಲಿ ಕಷ್ಟದ್ದು ಇದೊಂದೇ. "ಇಲ್ಲಿ ಉಣ್ಣಿ ಜೋಡಿ ಒಂದ ಎಳಿ ನೂಲು ಕೂಡಸು. ಹಿಮ್ಮಡ ಲಗೂ ಹರಿಯೋದಿಲ್ಲ. ನಮ್ಮ ಮನಿಯಾಗ ಎಲ್ಲಾರಿಗೂ ಹಂಗ ಮಾಡೋದು," ಎಂದಳು ವೈನಿ.

ನೂಲು ಕೊಟ್ಟವಳು ಗೌರವ್ವ. ಅವಳ ತವರು ಬನಹಟ್ಟಿ, ಅಣ್ಣತಮ್ಮಂದಿರು ಮಗ್ಗದವರು. "ಎಳದ್ರ ಕೈ ಕೊಯ್ದೀತು, ನೂಲು ಹರ್ಯಂಗಿಲ್ಲ," ಎಂದು ಹೇಳಿ ಒಂದು ಲಡಿ ತಂದುಕೊಟ್ಟಳು.

ಆಯಿತವಾರ ವೈನಿ ಕುಡಚಿಯಲ್ಲಿ ರೈಲು ಹಿಡಿಯಲು ಹೊರಟುಹೋದಳು. ಸೂಜಿಗಳು ನನ್ನಲ್ಲೇ ಉಳಿದವು. ಎರಡನೆಯ ಹಿಮ್ಮಡವನ್ನು ನಾನೊಬ್ಬಳೇ ತಿರುಗಿಸಿದೆ, ನೂಲು ಕೂಡಿಸಿಯೇ. ಮಾಸ ಹಿಡಿಯಲು ನಾಲ್ಕು ದಿನ ಇರುವಾಗ ಒಂದು ಕಾಲುಚೀಲ ಪೂರ್ತಿಯಾಗಿತ್ತು, ಇನ್ನೊಂದು ಬೆರಳಿನ ಹತ್ತಿರ ಬಂದಿತ್ತು. ದೀಪ ಹಚ್ಚುವ ಮುಂಚೆ ಅಜ್ಜಿಗೆ ತೊಡಿಸಿ ನೋಡಿದೆವು. ಅಳತೆ ಸರಿಯಾಗಿತ್ತು. ಅಜ್ಜಿ ಪಾದ ಮೇಲೆತ್ತಿ ಹಿಮ್ಮಡವನ್ನು ಹೆಬ್ಬೆರಳಿನಿಂದ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು.

"ಇಲ್ಲೇನದ?"

"ನೂಲು. ಹರೀಬಾರ್ದಂತ ವೈನಿ ಹೇಳಿದ್ಲು."

ಅಜ್ಜಿ ಕಾಲುಚೀಲ ಕಳಚಿ ಚಾಪೆಯ ಮೇಲಿಟ್ಟಳು. "ನೂಲಂದ್ರ ಹತ್ತಿ. ಹತ್ತಿ ಕೂಡಿದ್ಮ್ಯಾಲೆ ಇದು ಧಾಬಳಿ ಅಲ್ಲ, ಬರೇ ಅರಿವಿ. ದಿನಾ ಒಗದು ಒಣಗಸಬೇಕು. ಈ ಥಂಡ್ಯಾಗ ಮುಂಜಾನಿಗೆ ಒಣಗೂದುಂಟ?"

ಅವ್ವ ತಗ್ಗಿದ ದನಿಯಲ್ಲಿ, "ಒಂದ ಎಳಿ ಅದ ಅಲ್ರಿ. ಯಾರಿಗೆ ಗೊತ್ತಾಗ್ತದ?" ಎಂದಳು.

"ನನಗ ಗೊತ್ತಾತಲ್ಲ."

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. "ಬಿಡು ಅತ್ಯಾ. ಹುಡುಗಿ ಮಾಡೂವಷ್ಟು ಮಾಡ್ತು," ಎಂದರು. ಅಜ್ಜಿ ಕಾಲು ಮಡಚಿ ಸೀರೆಯ ಸೆರಗಿನೊಳಗೆ ಎಳೆದುಕೊಂಡಳು.

ನೂಲು ಇದ್ದುದು ನಡುವೆ. ಅದನ್ನು ತೆಗೆಯಬೇಕಾದರೆ ಬೆರಳಿನ ಕಡೆಯಿಂದ ಪಾದವನ್ನೆಲ್ಲ ಬಿಚ್ಚಬೇಕು. ಕೇಳೋಣವೆಂದರೆ ವೈನಿ ಇಲ್ಲ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಹಿಮ್ಮಡದ ದಾರಿಯೇ ತಪ್ಪುತ್ತದೆ ಎಂದು ನನಗೆ ಹೊಳೆಯಿತು. ಪೂರ್ತಿಯಾದದ್ದನ್ನು ಹಾಗೇ ಇಟ್ಟುಕೊಂಡು, ಅರ್ಧವಾಗಿದ್ದುದನ್ನು ಬಿಚ್ಚಿದೆ. ಒಂದನ್ನು ನೋಡುತ್ತ ಇನ್ನೊಂದನ್ನು ಹೆಣೆದೆ. ಆಮೇಲೆ ಹೊಸದನ್ನು ಮುಂದಿಟ್ಟುಕೊಂಡು ಹಳೆಯದನ್ನು ಬಿಚ್ಚಿದೆ. ಬಿಚ್ಚಿದ ಉಣ್ಣೆ ಗುಂಗುರಾಗಿ ಕೈಗೆ ಸಿಕ್ಕಿಕೊಳ್ಳುತ್ತಿತ್ತು. ಅವ್ವ ಅದನ್ನು ತಂಬಿಗೆಗೆ ಸುತ್ತಿ, ಬಿಸಿನೀರು ತುಂಬಿಸಿ ನೇರ ಮಾಡಿಕೊಟ್ಟಳು.

ಗೌರವ್ವನಿಗೆ ಸುದ್ದಿ ತಿಳಿದು ಬಹಳ ಬೇಜಾರಾಯಿತು. "ನಮ್ಮ ಬನಹಟ್ಟಿ ನೂಲಿಗೆ ಏನ ಧಾಡಿ ಆಗೇತ್ರಿ? ಅದರ ಸೀರಿ ಊರ ಹೆಂಗಸರೆಲ್ಲಾ ಉಡ್ತಾರ."

"ನಿನ್ನ ನೂಲು ಛಲೋ ಅದ ಗೌರಾ. ಅದು ಒಲಿ ಮುಂದ ಬರೂವಂಥಾದ್ದಲ್ಲ, ಅಷ್ಟ," ಎಂದಳು ಅಜ್ಜಿ.

ಶಾಲೆ ತಪ್ಪಿಸಲು ಅಪ್ಪ ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ಆದರೆ ಆ ದಿನಗಳಲ್ಲಿ ಪಾಠ ಒಪ್ಪಿಸುವ ಹೊತ್ತಿಗೆ ಅವರು ನನ್ನನ್ನು ಕರೆಯಲಿಲ್ಲ. ಒಮ್ಮೆ ಹಾದುಹೋಗುತ್ತ ನನ್ನ ಪಕ್ಕದ ಕಂದೀಲಿನ ಬತ್ತಿ ಏರಿಸಿದರು.

ಮಾಸ ಹಿಡಿಯುವ ಹಿಂದಿನ ದಿನ ಸಂಜೆ ಎರಡನೆಯದರ ಬೆರಳು ಮುಚ್ಚಿ ಎಳೆ ಕತ್ತರಿಸಿದೆ. ಅಜ್ಜಿ ಹಿಮ್ಮಡಗಳನ್ನು ಒಳಗೂ ಹೊರಗೂ ಉಜ್ಜಿ ನೋಡಿ ತೊಟ್ಟುಕೊಂಡಳು. ಪಡಸಾಲೆಯಿಂದ ಅಡಿಗೆಮನೆಯ ಕಲ್ಲಿನ ಮೇಲೆ ಹೋಗಿ ನಿಂತಳು. ಗೋಡೆ ಹಿಡಿಯಲಿಲ್ಲ.

"ಎಡಗಾಲಿಂದು ಬಿಗಿ ಅದ," ಎಂದಳು. "ಇರ್ಲಿ. ಎಡಗಾಲಿಗೆ ಮೊದ್ಲಿಂದ ಸೊಕ್ಕು ಭಾಳ."

ಅಪ್ಪ ಕಚೇರಿಯಿಂದ ಬಂದು ಕಾಲು ತೊಳೆಯುತ್ತ ಒಳಗೆ ನೋಡಿದರು. ಅವ್ವನಿಗೆ, "ನಾಳೆ ನಾಲ್ಕಕ್ಕ ನೀ ಏಳೂದು ಬ್ಯಾಡ. ಅತ್ಯಾ ಏಳ್ತಾಳ," ಎಂದರು.

ಭೀಮಕ್ಕಜ್ಜಿ ಅವನ್ನು ತೊಟ್ಟು ಮೂರು ಧನುರ್ಮಾಸ ಅಡಿಗೆ ಮಾಡಿದಳು. ನಾಲ್ಕನೆಯದಕ್ಕೆ ಅವಳು ಇರಲಿಲ್ಲ. ಅವ್ವನ ಕಾಲಕ್ಕೆ ಮಡಿ ಸಡಿಲವಾಯಿತು, ನನ್ನ ಕಾಲಕ್ಕೆ ನಿಂತೇಹೋಯಿತು. ನಿಂತದ್ದಕ್ಕೆ ನನಗೆ ದುಃಖವಿಲ್ಲ. ಮುದುಕಿಯೊಬ್ಬಳು ಚಳಿಯಲ್ಲಿ ತಣ್ಣೀರು ಸುರಿದುಕೊಂಡು ಕಲ್ಲಿನ ಮೇಲೆ ನಿಲ್ಲುವುದನ್ನು ಹೊಗಳುವ ಮನಸ್ಸು ನನಗಿಲ್ಲ. ಆದರೂ ಹೋದದ್ದು ಒಂದಿದೆ. ಆಮೇಲೆ ನಾನು ಎಷ್ಟೋ ಕಾಲುಚೀಲ, ಕುಲಾವಿ, ಸ್ವೆಟರು ಹೆಣೆದೆ. ಈಗ ಕೈ ಅಂದಿಗಿಂತ ಚೊಕ್ಕ. ಮೊಮ್ಮಕ್ಕಳು "ಛಂದ ಅದ ಅಜ್ಜಿ" ಎನ್ನುತ್ತಾರೆ, ಮಡಚಿ ಕಪಾಟಿನಲ್ಲಿ ಇಡುತ್ತಾರೆ. ಹಿಮ್ಮಡವನ್ನು ಬೆರಳಿನಿಂದ ಉಜ್ಜಿ ನೋಡಿ, ಇದು ನಡೆಯುವುದಿಲ್ಲ ಎನ್ನುವವರು ಯಾರೂ ಇಲ್ಲ. ಹಾಗೆ ಅನ್ನಬೇಕಾದರೆ ಅದು ಅವರಿಗೆ ಬೇಕಾಗಿರಬೇಕು.

ಕಾಲುಚೀಲ ಮುಗಿದ ಆ ಸಂಜೆ ಮರುದಿನದ ಅಕ್ಕಿಬೇಳೆ ಹಸನು ಮಾಡುವುದು ಬಾಕಿ ಇತ್ತು. "ಕುಸುಮಾ, ಕೈ ಖಾಲಿ ಅದಾವಲ್ಲ, ಬಾ," ಎಂದು ಅಜ್ಜಿ ಕರೆದಳು. ಅವಳು ಹೊಸಿಲಿನ ಒಳಗೆ, ನಾನು ಹೊರಗೆ, ನಡುವೆ ಮೊರ. ಅವಳು ಅಕ್ಕಿ ನೋಡಿದಳು, ನಾನು ಹೆಸರುಬೇಳೆಯ ಹರಳು ಆರಿಸಿದೆ. ಅಪ್ಪನ ಊಟದ ವೇಳೆಗೆ ಎರಡೂ ಮುಗಿದಿದ್ದವು.