ಹರಳಿನ ಹಸಿರು ಅಳೆಯುವ ಮಲಕವ್ವ

ಮರಾಠಿ ಸೀಮೆಯ ಗಡಿಯೂರು ಜತ್ತದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಮಲಕವ್ವ ಕಿಟಕಿಗೆ ಕರಿ ಪರದೆ ಎಳೆದು, ದಪ್ಪ ಚಷ್ಮಾ ಹಾಕಿಕೊಂಡು ಲೇಸರ್ ಯಂತ್ರ ಚಾಲೂ ಮಾಡುತ್ತಾರೆ. ಬೆಳಗಾದರೆ ಸುತ್ತಲಿನ ತೋಟಗಳ ಪಂಪುಗಳು ಒಮ್ಮೆಲೇ ಶುರುವಾಗಿ ಕರೆಂಟು ಏರಿಳಿಯುತ್ತದೆ. ಅದಕ್ಕೇ ಅವರ ಅಳತೆಯೆಲ್ಲ ನಸುಕಿನಲ್ಲಿ.

ದ್ರಾವಣದಲ್ಲಿ ಬೆಳೆಸಿದ ಕೆಲವು ಹರಳುಗಳ ಮೇಲೆ ಕಣ್ಣಿಗೆ ಕಾಣದ ಲೇಸರ್ ಬಿಟ್ಟರೆ ಆಚೆ ಹಸಿರು ಬೆಳಕು ಹೊರಡುತ್ತದೆ. ಹರಳನ್ನು ಅರೆದು, ಕಣಗಳು ಒಂದೇ ಸಮ ಇರುವಂತೆ ಜರಡಿ ಹಿಡಿದು, ಬಂದ ಹಸಿರನ್ನು ಗುಣ ಗೊತ್ತಿರುವ ಇನ್ನೊಂದು ಹರಳಿನ ಪುಡಿಯೊಂದಿಗೆ ಹೋಲಿಸಿ ಹೇಳುವುದು ಮಲಕವ್ವನ ಕೆಲಸ. ದಿನಕ್ಕೆ ಮೂರ್ನಾಲ್ಕು ಮಾದರಿ. ವಿಜಯಪುರದ ಕಡೆಯಿಂದಲೂ ಬರುತ್ತವೆ. ಆ ಮಾದರಿಗಳ ಮೇಲೆ ಬರೆದ ಸಂಶೋಧನಾ ಪ್ರಬಂಧಗಳಲ್ಲಿ ಅವರ ಹೆಸರು ಇರುವುದಿಲ್ಲ.

ಶೇಗಾಂವದ ಕುರಿಗಾರರ ಮನೆಯ ಸೊಸೆ ಅವರು. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಮರಾಠಿಯಲ್ಲಿ ಪಾಠ ಕೇಳುತ್ತ ಬಿ.ಎಸ್ಸಿ. ಓದಿದರು. ಕಾಲೇಜಿನಲ್ಲಿ ಹರಳು ಬೆಳೆಸುವ ಕೆಲಸವೂ ಇದೆ ಎಂದಾಗ ಅತ್ತೆ ಬೀರವ್ವ ಹಣೆ ಬಡಿದುಕೊಂಡರಂತೆ: "ಜ್ವಾಳದಾಗಿನ ಹರಳ ಆರಿಸಿ ಆರಿಸಿ ನನ್ನ ಕಣ್ಣ ಹ್ವಾದು, ನೀ ಅವನ್ನ ಬೆಳಸಾಕ ಹೊಂಟೀಯೇನ?" ಈಗಲೂ ಹರಳು ಬೆಳೆಯುತ್ತಿರುವ ಬೀಕರುಗಳ ಹತ್ತಿರ ಮಲಕವ್ವ, ಮಲಗಿದ ಮಗುವಿನ ಪಕ್ಕ ಹೆಜ್ಜೆ ಇಡುವಂತೆ ನಡೆಯುತ್ತಾರೆ.

ಇಂದು ಉಮದಿಯ ಸಂಶೋಧನಾ ವಿದ್ಯಾರ್ಥಿನಿ ರೂಪಾಲಿ ತಿಂಗಳುಗಟ್ಟಲೆ ಬೆಳೆಸಿದ ಹರಳು ತಂದಿದ್ದಾಳೆ. ಅವಳ ಹಿಂದಿನ ಎರಡು ಹರಳುಗಳಲ್ಲಿ ಹಸಿರು ಬರಲೇ ಇಲ್ಲ. ಇದೂ ಕೈಕೊಟ್ಟರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕು.

ಪುಡಿ ಮಾಡಿ ಇಟ್ಟ ಮೊದಲ ಸಲಕ್ಕೇ ಯಂತ್ರದ ಪರದೆಯಲ್ಲಿ ಹಸಿರಿನ ಅಳತೆ ತೋರಿಸುವ ಗೆರೆ ಎತ್ತರಕ್ಕೆ ಜಿಗಿಯುತ್ತದೆ.

"ನಿಮ್ಮ ಪುಡಿಗಿಂತ ಡಬಲ್ ಬಂತ್ರಿ ಅಕ್ಕಾ! ಲಗೂನ ಬರಕೋರಿ," ರೂಪಾಲಿ ಕುಣಿಯುವುದೊಂದು ಬಾಕಿ.

"ತಡಿಯವಾ. ಮಷಿನ್ ಇನ್ನಾ ಬಿಸಿ ಆಗಿಲ್ಲ. ಹಂಚ ಕಾಯೂಕಿಂತ ಮೊದಲ ರೊಟ್ಟಿ ಹಾಕ್ತೀಯೇನ?"

"ಆಮ್ಯಾಲ ಕಡಿಮಿ ಬಂದ್ರ?"

"ಬರಲಿ. ಒಂದ ಸಲ ಬಂದ್ರ ಬೀಗರು, ಮತ್ತ ಮತ್ತ ಬಂದ್ರ ಮನಿಯವರು."

ರೂಪಾಲಿ ಓಢಣಿಯ ತುದಿ ಕಚ್ಚಿಕೊಂಡು ಮೂಲೆಯಲ್ಲಿ ಕೂರುತ್ತಾಳೆ. ಯಂತ್ರ ಹದಕ್ಕೆ ಬಂದ ಮೇಲೆ ಮಲಕವ್ವ ಗುಣ ಗೊತ್ತಿರುವ ಪುಡಿಯನ್ನು ಇಟ್ಟು ಅಳೆಯುತ್ತಾರೆ, ನಂತರ ಹೊಸದನ್ನು. ತೆಗೆದು ಮತ್ತೆ ಇಡುತ್ತಾರೆ, ಮತ್ತೆ ಅಳೆಯುತ್ತಾರೆ. ಗೆರೆ ಕೆಳಗಿಳಿಯುತ್ತದೆ. ಆದರೆ ಮಾಯವಾಗುವುದಿಲ್ಲ. ಗುಣ ಗೊತ್ತಿರುವ ಪುಡಿಗಿಂತ ತುಸು ಮೇಲೆ, ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ.

"ಡಬಲ್ ಹೋತಲ್ರಿ," ರೂಪಾಲಿಯ ದನಿ ಸಣ್ಣದಾಗಿದೆ.

"ಹೋಗಲಿ ಬಿಡ. ನಿನ್ನ ವಿಷಯ ಉಳೀತೋ ಇಲ್ಲೋ?" ಮಲಕವ್ವ ಚಷ್ಮಾ ತೆಗೆದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಕಮ್ಮಿ ಬಂದೈತಿ, ಖರೆ ಬಂದೈತಿ. ಯಾವ ದೇಶದಾಗ ಅಳದ್ರೂ ಇಷ್ಟ ಬರ್ತೈತಿ ನೋಡ."