ಮೂರನೇ ಮೇಜಿನ ಇಸ್ತ್ರಿ ಮಾಮ

ಬುಧವಾರ ಮಧ್ಯಾಹ್ನ ಎರಡು ಗಂಟೆ ನಲವತ್ತೇಳು ನಿಮಿಷಕ್ಕೆ ಇಸ್ತ್ರಿ ಮಾಮ ಆ ದಿನದ ನಾಲ್ಕನೇ ಪ್ಯಾರಾಚೂಟಿನ ಪಟ್ಟಿಗಳನ್ನು ಎಣಿಸುತ್ತಿದ್ದರು. ಹದಿಮೂರು ಮೀಟರ್ ಉದ್ದದ ಮೇಜಿನ ಮೇಲೆ ಬಟ್ಟೆ ಮಲಗಿತ್ತು. ಎಡಕ್ಕೆ ಹದಿನಾಲ್ಕು ಪಟ್ಟಿ, ಬಲಕ್ಕೆ ಹದಿನಾಲ್ಕು, ಒಟ್ಟು ಇಪ್ಪತ್ತೆಂಟು. ಒಂದೊಂದನ್ನೂ ಅಂಗೈಯಿಂದ ಸವರಿ, ಒಳಗಿನ ಗಾಳಿ ಹೊರಡಿಸಿ, ಮೇಲೆ ಮರಳಿನ ಪುಟ್ಟ ಚೀಲ ಇಟ್ಟು, ಸಂಖ್ಯೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಹತ್ತೊಂಬತ್ತಕ್ಕೆ ಬಂದಾಗ ಗೋಡೆಯ ಧ್ವನಿವರ್ಧಕ ಗೊರಗುಟ್ಟಿತು: ಮೂರೂವರೆಗೆ ಚರ್ಚೆ, ಇದೇ ಹಾಲ್‌ನಲ್ಲಿ, ಎಲ್ಲರೂ ಹಾಜರಿರಬೇಕು. ಮಾಮ ಚೀಲಗಳನ್ನೆಲ್ಲ ತೆಗೆದು ಮತ್ತೆ ಒಂದರಿಂದ ಶುರು ಮಾಡಿದರು. ಎಣಿಕೆ ನಡುವೆ ಕಡಿದರೆ ಮೊದಲಿನಿಂದ ಎಣಿಸಬೇಕು. ಅದು ಆ ಹಾಲ್‌ನ ನಿಯಮ.

ಇಸ್ತ್ರಿ ಮಾಮ ಅನ್ನುವ ಹೆಸರು ಇಟ್ಟವರು ಹಾರುವ ಹುಡುಗರು. ಬಟ್ಟೆ ಸವರುವ ಅವರ ರೀತಿ ನೋಡಿ ಯಾರೋ ಒಬ್ಬ, 'ಮಾಮ, ನನ್ನ ಅಂಗೀನೂ ಒಂದು ಹಾಕ್ಬಿಡಿ' ಎಂದಿದ್ದ. ಅವರಿಗೆ ಐವತ್ತೊಂದು ವಯಸ್ಸು. ಸೈನ್ಯ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಮೊದಲ ಆರು ವರ್ಷ ಅವರೂ ಹಾರಿದ್ದರು. ಆಮೇಲಿನ ಇಪ್ಪತ್ತು ವರ್ಷ ಮೂರನೇ ಮೇಜು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಪ್ಯಾರಾಚೂಟು ಮಡಿಸಿದ್ದರು. ತೆರೆಯದೆ ಉಳಿದದ್ದು ಒಂದೂ ಇಲ್ಲ.

ಹಾಲ್‌ನಲ್ಲಿ ಇನ್ನೂ ಎರಡು ನಿಯಮಗಳಿದ್ದವು. ಮೊದಲನೆಯದನ್ನು ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದ್ದರು: ತಪ್ಪು ಅಂಕಿ ಕೇಳಿದವರು ಆ ಕ್ಷಣವೇ ಗಟ್ಟಿಯಾಗಿ ತಿದ್ದಬೇಕು. ಹಿಂದೊಮ್ಮೆ ಒಬ್ಬ ಇಪ್ಪತ್ತೇಳಕ್ಕೇ ಎಣಿಕೆ ಮುಗಿಸಿದ್ದನ್ನು ಪಕ್ಕದ ಮೇಜಿನವನು ಕೇಳಿಸಿಕೊಂಡೂ, ನನಗ್ಯಾಕೆ ಎಂದು ಸುಮ್ಮನಿದ್ದ. ಆ ಪ್ಯಾರಾಚೂಟಿನ ಚೀಲ ಬೆನ್ನಿಗೆ ಕಟ್ಟಿಕೊಂಡು ಹಾರಿದವನು ಇವತ್ತಿಗೂ ಕೋಲು ಹಿಡಿದು ನಡೆಯುತ್ತಾನೆ. ಅಂದಿನಿಂದ ಸಿಪಾಯಿ ಕರ್ನಲ್‌ನನ್ನೂ ತಿದ್ದಬಹುದು, ತಿದ್ದಲೇಬೇಕು. ಎರಡನೆಯದನ್ನು ಎಲ್ಲೂ ಬರೆದಿರಲಿಲ್ಲ. ಪ್ರತಿ ಚೀಲದಲ್ಲೂ ಮಡಿಸಿದವರ ಹೆಸರಿನ ಚೀಟಿ ಇರುತ್ತದೆ. ಹಾರುವವನಿಗೆ ಅನುಮಾನ ಬಂದರೆ ಅವನು ಚೀಲವನ್ನು ಮಡಿಸಿದವರ ಕೈಗೇ ಕೊಟ್ಟು, 'ಮೊದಲು ನೀವು ಹಾರಿ' ಎನ್ನಬಹುದು.

ಸಂಜೆ ಐದೂವರೆಗೆ ಮಾಮ ಸೈಕಲ್ ಹತ್ತಿ ಊರೊಳಗೆ ಹೋಗುತ್ತಿದ್ದರು. ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಕಚೇರಿಯ ಕಾಗದದಲ್ಲಿ ಕನ್ನಡಕದವರು ಮನೆ ಮಾಲೀಕರು, ಮಾಮ ಬಾಡಿಗೆದಾರ. ನಿಜದಲ್ಲಿ ಆ ಇಬ್ಬರು ಗಂಡಸರೂ ಸಂಗಾತಿಗಳು. ಎರಡು ಕೋಣೆಯಲ್ಲಿ ಒಂದರ ಮಂಚದ ಮೇಲೆ ಮಸೂರಗಳ ಡಬ್ಬಿಗಳೇ ತುಂಬಿದ್ದವು. ಅದು ಬಂದವರಿಗೆ ತೋರಿಸಲಿಕ್ಕೆ ಇದ್ದ ಮಂಚ. ಭಾನುವಾರ ಫೋನ್ ಮಾಡುವ ಮಾಮನ ಅಕ್ಕ ಮಾತ್ರ ಕೊನೆಗೊಮ್ಮೆ, 'ನಿಮ್ಮ ಮಾಲೀಕರು ಹುಷಾರಾಗಿದ್ದಾರೇನೋ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಡುತ್ತಿದ್ದರು.

ಸೈನ್ಯದ ನಿಯಮದ ಪ್ರಕಾರ ಹಾಗೆ ಬದುಕುವುದು ಅನುಚಿತ ನಡತೆ. ಸಾಬೀತಾದರೆ ಮೇಜು ಹೋಗುತ್ತದೆ, ಸಮವಸ್ತ್ರವೂ ಹೋಗುತ್ತದೆ. ಆದರೆ ಆ ವರ್ಷ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಮದುವೆಯಾಗಬಹುದೇ ಎಂಬ ಮಸೂದೆ ಮತಕ್ಕೆ ಬರುವುದಿತ್ತು. ಅದಕ್ಕೂ ಮುಂಚೆ ಪ್ರತಿ ತುಕಡಿಯೂ ವಿಷಯವನ್ನು ಶಿಸ್ತಿನಿಂದ ಚರ್ಚಿಸಲಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಪರ ಯಾರು, ವಿರುದ್ಧ ಯಾರು ಎಂಬುದು ಚೀಟಿಯಲ್ಲಿ ತೀರ್ಮಾನ.

ಮೂರೂವರೆಗೆ ಮೇಜುಗಳ ನಡುವೆ ನಲವತ್ತು ಕುರ್ಚಿ ಹಾಕಿದ್ದರು. ಅಧ್ಯಕ್ಷತೆ ತುಕಡಿಯ ಧರ್ಮಗುರುಗಳದ್ದು. ವಿಭಾಗದ ಕ್ಯಾಪ್ಟನ್ ಮೇಡಂ ಶಿರಸ್ತ್ರಾಣವೊಂದನ್ನು ಅಂಗಾತ ಹಿಡಿದು, ಒಳಗೆ ನಾಲ್ಕು ಚೀಟಿ ಹಾಕಿ, ನಾಲ್ವರನ್ನು ಕರೆದರು. ಹಾರುವವರ ಮುಖ್ಯಸ್ಥ, ಎಲ್ಲರೂ ಮೀಸೆ ಎಂದೇ ಕರೆಯುವವನು, ಮೊದಲು ಎತ್ತಿದ.

'ಪರ!' ಎಂದು ಓದಿ ತಲೆ ಚಚ್ಚಿಕೊಂಡ. ಹಾಲ್ ಗೊಳ್ಳೆಂದಿತು.

'ನಿನಗೇ ಬೇಕಿತ್ತು ಮೀಸೆ,' ಎಂದ ಹಿಂದಿನಿಂದ ಒಬ್ಬ. 'ಮೆಸ್‌ನಲ್ಲಿ ದಿನಾ ಈ ಮಸೂದೇನ ಬೈತಿದ್ದೆ.'

ವೈರ್‌ಲೆಸ್ ವಿಭಾಗದ ಹೆಂಗಸಿಗೂ 'ಪರ' ಬಂತು. ಮೂರನೇ ಚೀಟಿ ಅಡುಗೆ ವಿಭಾಗದವನದ್ದು, 'ವಿರುದ್ಧ'. ನಾಲ್ಕನೆಯವರಾದ ಮಾಮನಿಗೆ ಉಳಿದದ್ದು ಏನೆಂದು ಚೀಟಿ ಬಿಡಿಸುವ ಮೊದಲೇ ಗೊತ್ತಾಯಿತು.

'ಮೇಡಂ, ನನಗೆ ಭಾಷಣ ಬರಲ್ಲ. ಬೇರೆಯವರಿಗೆ ಕೊಡಿ.'

'ಬದಲಾಯಿಸೋ ಹಾಗಿಲ್ಲ ಮಾಮ. ಎರಡು ನಿಮಿಷ ತಾನೆ? ಗುರುಗಳ ಕರಪತ್ರ ಇದೆ, ಅದನ್ನೇ ಓದಿಬಿಡಿ.'

ಮಾಮ ಓದಿದರು. ಮದುವೆ ಎಂಬುದು ಗಂಡು ಹೆಣ್ಣಿಗೆ ದೇವರು ಹಾಕಿದ ಗಂಟು. ಅದರ ಗುರಿ ಸಂತಾನ. ಶಿಸ್ತಿಲ್ಲದ ಬಯಕೆ ಮೊದಲು ಮನೆಯನ್ನೂ ಆಮೇಲೆ ಸೈನ್ಯವನ್ನೂ ಕೆಡಿಸುತ್ತದೆ. ಪಟ್ಟಿ ಎಣಿಸುವ ಅದೇ ದನಿಯಲ್ಲಿ, ಒಂದು ಪದವನ್ನೂ ಬಿಡದೆ, ಒಂದು ನಿಮಿಷ ಐವತ್ತು ಸೆಕೆಂಡಿನಲ್ಲಿ ಮುಗಿಸಿದರು. ಚಪ್ಪಾಳೆ ಬಿತ್ತು. ಅವರು ಅಂಗೈ ನೋಡಿಕೊಂಡರು. ಬೆವತಿತ್ತು. ಬೆವತ ಕೈಯಲ್ಲಿ ಬಟ್ಟೆ ಮುಟ್ಟುವ ಹಾಗಿಲ್ಲವೆಂದು ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ತಮ್ಮ ಮೇಜಿಗೆ ಒರಗಿ ನಿಂತರು.

ವೈರ್‌ಲೆಸ್‌ನವಳು ಎದ್ದಳು. 'ವಿಮಾನದ ಬಾಗಿಲಲ್ಲಿ ನಿಂತಾಗ ನನ್ನ ಪ್ಯಾರಾಚೂಟಿನ ಹಗ್ಗ ಕೊಕ್ಕೆಗೆ ಸರಿಯಾಗಿ ಸಿಕ್ಕಿದೆಯಾ ಅಂತ ಹಿಂದಿನವನು ನೋಡ್ತಾನೆ. ಅವನು ಮನೇಲಿ ಯಾರ ಜೊತೆ ಊಟ ಮಾಡ್ತಾನೆ ಅಂತ ನಾನು ಯಾವತ್ತೂ ಕೇಳಿಲ್ಲ.'

'ಕೇಳ್ಬೇಕಕ್ಕಾ,' ಎಂದ ಅಡುಗೆಯವನು. 'ಊಟದ ವಿಷಯ ಆದ್ರೆ ನಾನಂತೂ ಕೇಳ್ತೀನಿ. ಆದ್ರೆ ದೇವರು ಬೇಡ ಅಂದಿದ್ದನ್ನ ಸರ್ಕಾರ ಬೇಕು ಅಂದ್ರೆ ನಾವು ಯಾರ ಮಾತು ಕೇಳೋದು? ಗುರುಗಳೇ, ನೀವೇ ಹೇಳಿ.'

ಧರ್ಮಗುರುಗಳು ಕನ್ನಡಕ ತೆಗೆದು ಒರೆಸಿದರು. 'ನನ್ನ ಗ್ರಂಥ ಇದನ್ನ ಒಪ್ಪಲ್ಲ. ಒಪ್ಪುತ್ತೆ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಆದ್ರೆ ಗಡಿ ಆಸ್ಪತ್ರೇಲಿ ಏಳು ವರ್ಷ ಇದ್ದೆ. ಜೀವ ಹೋಗೋವಾಗ ಸೈನಿಕರು ಯಾರ್ಯಾರ ಹೆಸರು ಕರೀತಾರೆ ಅಂತ ಕೇಳಿದ್ದೀನಿ. ಎಲ್ಲವೂ ಹೆಂಡ್ತಿ ಹೆಸರಾಗಿರ್ಲಿಲ್ಲ. ಅದನ್ನೂ ಮುಚ್ಚಿಡಲ್ಲ.'

ಆಮೇಲೆ ಮೀಸೆ ಎದ್ದು, ಅಂಗಿ ಸರಿ ಮಾಡಿಕೊಂಡು, ಭಾಷಣಕಾರನ ಹಾಗೆ ಕೈ ಎತ್ತಿದ.

'ಸಭಿಕರೇ, ನಾನು ಪರ! ಆಗ್ಲಿ ಬಿಡಿ ಮದುವೆ, ನಿಮ್ಮ ಗಂಟೇನು ಹೋಗುತ್ತೆ? ಅಂಥವರ ಜೋಡಿ ಎಷ್ಟು ದಿನ ಬಾಳುತ್ತೆ ಅಂತ ತಲೆ ಕೆಡಿಸ್ಕೊಳ್ತೀರಿ? ಹೆಚ್ಚಂದ್ರೆ ಎರಡು ವರ್ಷ. ಎರಡು ವರ್ಷ ದಾಟಿದ ಒಂದು ಜೋಡಿ ಈ ಊರಲ್ಲಿ ತೋರಿಸಿ ನೋಡೋಣ. ಒಂದೂ ಇಲ್ಲ. ಸೊನ್ನೆ!'

'ತಪ್ಪು,' ಎಂದರು ಮಾಮ.

ಅದು ಯೋಚಿಸಿ ಆಡಿದ ಮಾತಲ್ಲ. ಇಪ್ಪತ್ತು ವರ್ಷ ಅದೇ ಮೇಜಿನ ಬಳಿ, ಅದೇ ಕೆಂಪು ಅಕ್ಷರಗಳ ಎದುರು ನಿಂತ ಮನುಷ್ಯನ ಬಾಯಿಂದ ತಾನಾಗಿ ಬಂದದ್ದು. ಮೀಸೆಯೂ ಅದೇ ಹಾಲ್‌ನ ಅಭ್ಯಾಸದವನು. ತಿದ್ದಿದವರನ್ನು ಮರುಪ್ರಶ್ನಿಸುವ ಪದ್ಧತಿಯಂತೆ ಅವನೂ ಥಟ್ಟನೆ ಕೇಳಿಬಿಟ್ಟ: 'ಸರಿ ಅಂಕಿ?'

'ಇಪ್ಪತ್ತೆರಡು ವರ್ಷ, ನಾಲ್ಕು ತಿಂಗಳು.'

ಎದುರು ಪಕ್ಷದವನೇ ಸಾಕ್ಷಿ ಹೇಳಿದನಲ್ಲ ಎಂದು ಯಾರೋ ನಗಲು ಹೊರಟು, ಮಾಮನ ಮುಖ ನೋಡಿ ನಿಲ್ಲಿಸಿದರು. ಕ್ಯಾಪ್ಟನ್ ಮೇಡಂ, 'ಚರ್ಚೆ ಮುಗೀತು,' ಎಂದರು. ಮಾಮ ಕೈ ಒರೆಸಿಕೊಂಡು ನಾಲ್ಕನೇ ಪ್ಯಾರಾಚೂಟಿನ ಪಟ್ಟಿಗಳನ್ನು ಮತ್ತೊಮ್ಮೆ ಒಂದರಿಂದ ಎಣಿಸಿದರು.

ಸಂಜೆ ವಿಷಯ ಕೇಳಿ ಕನ್ನಡಕದವರು ಕೈಯಲ್ಲಿದ್ದ ಮಸೂರವನ್ನು ನಿಧಾನವಾಗಿ ಕೆಳಗಿಟ್ಟರು.

'ಅಲ್ಲ ಪುಣ್ಯಾತ್ಮ, ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು, ಈಗ ಮತಕ್ಕೆ ಇನ್ನೊಂದೂವರೆ ತಿಂಗಳು ಇದೆ ಅನ್ನೋವಾಗ...'

'ಅವನು ಸೊನ್ನೆ ಅಂದ.'

'ಅಂದ್ರೆ ಅನ್ಲಿ!'

ಕನ್ನಡಕದವರು ಒಲೆಯ ಮೇಲೆ ಹಾಲಿಟ್ಟರು. ಉಕ್ಕುವವರೆಗೂ ಬೆನ್ನು ತಿರುಗಿಸಿಯೇ ನಿಂತಿದ್ದರು. ಆಮೇಲೆ, 'ಅಷ್ಟಕ್ಕೂ ಲೆಕ್ಕ ತಪ್ಪು. ನಾಲ್ಕಲ್ಲ, ಹನ್ನೊಂದು ತಿಂಗಳಾಗ್ಬೇಕು. ಕಣ್ಣು ಪರೀಕ್ಷೆಗೆ ಬಂದ ದಿನದಿಂದ ಎಣಿಸು,' ಎಂದರು.

'ನಾನು ಇಲ್ಲಿಗೆ ಪೆಟ್ಟಿಗೆ ತಂದ ದಿನದಿಂದ ಎಣಿಸೋದು.'

'ಆವತ್ತು ಕೊನೇ ಸಾಲು ನಿನಗೆ ಕಾಣ್ತಿತ್ತು. ಬೇಕಂತ ತಪ್ಪು ಓದಿದೆ, ಇನ್ನೊಂದ್ಸಲ ಬರ್ಬೇಕು ಅಂತ.'

ಮಾಮ ಜೀವನದಲ್ಲಿ ಬೇಕೆಂದೇ ತಪ್ಪು ಓದಿದ್ದು ಅದೊಂದೇ ಸಲ.

ಮರುದಿನ ಹಾರಾಟಕ್ಕೆ ಹೊರಟವರು ಕಪಾಟಿನ ಮುಂದೆ ನಿಂತು ಚೀಟಿಗಳನ್ನು ಓದತೊಡಗಿದರು. ಹಿಂದೆ ಯಾರೂ ಓದುತ್ತಿರಲಿಲ್ಲ. ಒಂದನೇ ಮೇಜಿನ ಚೀಲಗಳು ಖಾಲಿಯಾದವು, ಎರಡು, ನಾಲ್ಕು, ಐದು. ಮೂರನೇ ಮೇಜಿನವು ಮೂವತ್ತೊಂದು ಹಾಗೇ ಉಳಿದವು. ಮಡಿಸಿದ ಪ್ಯಾರಾಚೂಟಿಗೆ ಆಯಸ್ಸು ನೂರಿಪ್ಪತ್ತು ದಿನ. ಅಷ್ಟರೊಳಗೆ ಯಾರೂ ಹಾರದಿದ್ದರೆ ಬಿಚ್ಚಿ, ಗಾಳಿಗೆ ತೂಗುಹಾಕಿ, ಮತ್ತೆ ಮಡಿಸಬೇಕು. ಮೂರನೇ ವಾರದಿಂದ ಹಳೆಯ ಚೀಲಗಳ ಅವಧಿ ಒಂದೊಂದಾಗಿ ಮುಗಿಯಲು ಶುರುವಾಯಿತು. ಮಾಮ ತಾವು ಮಡಿಸಿದ್ದನ್ನು ತಾವೇ ಬಿಚ್ಚಿ, ತಾವೇ ಮಡಿಸಿ, ಅದೇ ಕಪಾಟಿನ ಅದೇ ಜಾಗಕ್ಕೆ ಇಡುತ್ತಿದ್ದರು.

ಒಂದು ಬೆಳಿಗ್ಗೆ ಮೀಸೆ ಬಂದು ಮೇಜಿನ ತುದಿಯಲ್ಲಿ ನಿಂತ. ಮರಳಿನ ಚೀಲವೊಂದನ್ನು ಕೈಯಿಂದ ಕೈಗೆ ಎಸೆಯುತ್ತ, 'ಮಾಮ, ನಂಗೇನೂ ಇಲ್ಲ. ನನ್ನ ಹುಡುಗ್ರು ಕೇಳ್ತಿಲ್ಲ,' ಎಂದ.

'ಪ್ಯಾರಾಚೂಟಿಗೇನಾಗಿದೆಯಂತೆ?'

'ಪ್ಯಾರಾಚೂಟಿಗಲ್ಲ. ಪಾಪದ ಕೈ ಅಂತಾರೆ. ಹಾರೋವಾಗ ದೇವರನ್ನ ನೆನೆಸ್ಕೊಳ್ಬೇಕು, ಬೆನ್ನ ಮೇಲೆ ಇದೇ ಚೀಟಿ ಇದ್ರೆ ಹೆಂಗೆ ಅಂತಾರೆ.' ಅವನು ಮರಳಿನ ಚೀಲವನ್ನು ಮೇಜಿನ ಮೇಲಿಟ್ಟ. 'ಒಂದೇ ಒಂದ್ಸಲ ನಿಮ್ಮದರಲ್ಲೇ ನೀವು ಹಾರಿ ತೋರಿಸಿ. ಎಲ್ಲರ ಬಾಯಿ ಮುಚ್ಚುತ್ತೆ. ಯಾವ ಚೀಲ ಅಂತ ಅವರೇ ಆರಿಸ್ಲಿ.'

ಮಾಮ ಅದೇ ದಿನ ಅರ್ಜಿ ಬರೆದರು. ವೈದ್ಯರು ಎಡ ಮೊಣಕಾಲಿನ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, ಹಿಡಿದಷ್ಟೇ ಬೇಗ ಕೆಳಗಿಳಿಸಿದರು. 'ಇದನ್ನಿಟ್ಕೊಂಡು ಮೆಟ್ಟಿಲಿಂದ ಹಾರಿದ್ರೂ ನಾನು ಸಹಿ ಹಾಕಲ್ಲ.' ಮಾಮ ಮೂರು ಸಲ ಕೇಳಿದರು, ಮೂರು ಸಲವೂ ವೈದ್ಯರು ಇಲ್ಲವೆಂದರು.

ಐದನೇ ವಾರ ಕ್ಯಾಪ್ಟನ್ ಮೇಡಂ ಕರೆಸಿ, ಬಾಗಿಲು ಹಾಕಿ, ಕುರ್ಚಿ ತೋರಿಸಿದರು.

'ಮಾಮ, ಮೇಲಿನವರು ವಿವರಣೆ ಕೇಳಿದ್ದಾರೆ. ಯಾರ ಬಗ್ಗೆ ಹೇಳಿದ್ದು ಅಂತ ನೀವು ಆವತ್ತು ಹೇಳ್ಲಿಲ್ಲ, ಅದೇ ಪುಣ್ಯ. ಈ ಕಾಗದದಲ್ಲಿ "ಚರ್ಚೆಯ ಭರದಲ್ಲಿ ತಮಾಷೆಗೆ ಆಡಿದ ಮಾತು" ಅಂತ ಬರ್ಕೊಡಿ. ನಾನೇ ಹಾಲ್‌ನಲ್ಲಿ ಓದಿ ಹೇಳ್ತೀನಿ. ನಾಳೆಯಿಂದ ನಿಮ್ಮ ಚೀಲ ಎಲ್ಲರೂ ತಗೋತಾರೆ.'

'ಬರೀದಿದ್ರೆ?'

'ಮೇಜು ಬೇರೆಯವರಿಗೆ. ನಿಮಗೆ ಉಗ್ರಾಣದಲ್ಲಿ ಹರಿದ ಚೀಲ ಹೊಲಿಯೋ ಕೆಲಸ.'

'ನನ್ನನ್ನ ಬಿಟ್ಟುಬಿಡಿ ಮೇಡಂ. ರಾಜೀನಾಮೆ ಕೊಡ್ತೀನಿ.'

'ನಿಮ್ಮ ಒಪ್ಪಂದ ಇನ್ನೂ ಮೂರು ವರ್ಷ ಇದೆ. ಮಸೂದೇನೂ ಈಗ ಮುಂದಕ್ಕೆ ಹೋಯ್ತು, ಯಾವಾಗ ಬರುತ್ತೋ ಗೊತ್ತಿಲ್ಲ. ಅಲ್ಲೀವರೆಗೂ ಈ ಥರದ ವಿಷಯದಲ್ಲಿ ಯಾರನ್ನೂ ತೆಗೆಯೋ ಹಾಗಿಲ್ಲ, ಬಿಡೋ ಹಾಗೂ ಇಲ್ಲ. ಆದೇಶ.' ಅವರು ದನಿ ತಗ್ಗಿಸಿದರು. 'ನನ್ನ ಮೊದಲ ಹಾರಾಟದ ಚೀಲದಲ್ಲಿ ನಿಮ್ಮದೇ ಚೀಟಿ ಇತ್ತು ಮಾಮ. ಆ ಮೇಜು ಕಳ್ಕೋಬೇಡಿ. ಒಂದೇ ಪದ ತಾನೆ?'

ಮಾಮ ಕಾಗದ ತೆಗೆದುಕೊಂಡು ಹಾಲ್‌ಗೆ ಬಂದರು. ಊಟದ ಹೊತ್ತು, ಯಾರೂ ಇರಲಿಲ್ಲ. ಮೂರನೇ ಮೇಜಿನ ಮೇಲೆ ಅದನ್ನು ಹರಡಿ, ಮಡಿಕೆ ಹೋಗುವ ಹಾಗೆ ಅಂಗೈಯಿಂದ ಸವರಿ, ನಾಲ್ಕು ಮೂಲೆಗೂ ಮರಳಿನ ಚೀಲ ಇಟ್ಟರು. ನಾಲ್ಕನೇ ಕಲಮಿನಲ್ಲಿ, 'ಚರ್ಚೆಯ ದಿನ ನೀವು ಆಡಿದ ಮಾತು' ಎಂಬುದರ ಮುಂದೆ, ಮೇಡಂ ಪೆನ್ಸಿಲಿನಲ್ಲಿ ಸಣ್ಣಗೆ 'ತಮಾಷೆ' ಎಂದು ಬರೆದಿಟ್ಟಿದ್ದರು, ಮಾಮ ಅದರ ಮೇಲೆ ಶಾಯಿ ಎಳೆದರೆ ಸಾಕು.

ಆ ಹಾಲ್‌ನಲ್ಲಿ ದಾಖಲೆ ತಿದ್ದುವುದಕ್ಕೂ ಒಂದು ಕ್ರಮವಿತ್ತು. ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆದು, ಸಹಿ ಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಸರಿಯಾದ ಅಂಕಿಯ ಮೇಲೆ ಗೆರೆ ಎಳೆಯುವಂತಿಲ್ಲ, ಯಾರು ಹೇಳಿದರೂ.

ಮಾಮ ಕಪಾಟಿನತ್ತ ನೋಡಿದರು. ಮೂವತ್ತೊಂದು ಚೀಲ. ಆಮೇಲೆ ಪೆನ್ಸಿಲಿನ 'ತಮಾಷೆ'ಯ ಮೇಲೆ ಒಂದು ಗೆರೆ ಎಳೆದು ಸಹಿ ಹಾಕಿದರು. ಬರೆಯುವ ಮುನ್ನ ಒಂದು ಕ್ಷಣ ತಡೆದರು. ಇವತ್ತಿಗೆ ಇನ್ನೂ ಒಂದು ತಿಂಗಳು ಸೇರಿಸಬೇಕಾಗುತ್ತದೆ. ಕನ್ನಡಕದವರನ್ನು ಕೇಳಿದರೆ ಪೂರಾ ಇಪ್ಪತ್ತಮೂರು ವರ್ಷ. ಆದರೆ ಕಲಮು ಕೇಳಿದ್ದು ಅವರು ಆ ದಿನ ಆಡಿದ ಮಾತನ್ನು. ಗೆರೆಯ ಪಕ್ಕದಲ್ಲಿ, ಚೀಟಿಗಳ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ ಬರೆದರು: ಇಪ್ಪತ್ತೆರಡು ವರ್ಷ, ನಾಲ್ಕು ತಿಂಗಳು.